ತಡೆಹಿಡಿದ ಪಾಠ

ಇವತ್ತೂ ನೆಪ ಹೇಳಿ ತಪ್ಪಿಸಿಕೊಂಡರೆ ಹುಡುಗಿಗೆ ಗುಮಾನಿ ಬರುವುದಿಲ್ಲವೇ? ಬರಲಿ. ಕಲಿಸಿಬಿಟ್ಟರೆ? ಹಾರಿಹೋಗುತ್ತಾಳೆ.

ಕೈಗೆ ಸೋಪು ತಿಕ್ಕುತ್ತಾ, ವಾರ್ಡಿನವರೆಲ್ಲ 'ಸರ್' ಎಂದು ಕರೆಯುವ ಹೆಡ್ ನರ್ಸ್ ತಮ್ಮೊಳಗೇ ಜಗ್ಗಾಡುತ್ತಿದ್ದರು. ತಿಂಗಳು ತುಂಬದೆ ಹುಟ್ಟಿದ ಶಿಶುವಿನ ಕೂದಲೆಳೆಯಂಥ ನರಕ್ಕೆ ಸೂಜಿ ಹಾಕುವುದನ್ನು ಅವರಿಂದ ಕಲಿತವರೆಲ್ಲ ಒಬ್ಬೊಬ್ಬರಾಗಿ ಹೊರದೇಶದ ಆಸ್ಪತ್ರೆಗಳ ಪಾಲಾಗಿದ್ದರು. ಪ್ರತಿ ಸಲವೂ ವಾರ್ಡಿನಲ್ಲಿ ಆ ಕೆಲಸ ಬಲ್ಲವರು ಅವರೊಬ್ಬರೇ ಉಳಿಯುತ್ತಿದ್ದರು. ಹಾಗಾಗಿ ಈ ಹೊಸ ನರ್ಸಿಗೆ ಮಿಕ್ಕಿದ್ದೆಲ್ಲ ಕಲಿಸಿ, ಅದೊಂದನ್ನು ಮಾತ್ರ ಮುಂದೂಡುತ್ತ ಬಂದಿದ್ದರು. "ಕೈ ಇನ್ನೂ ಪಳಗಬೇಕಮ್ಮ" ಎನ್ನುವುದು ಅವರ ಪಲ್ಲವಿ.

ಒಳಗೆ ಗಾಜಿನ ಪೆಟ್ಟಿಗೆಯಲ್ಲಿ ಅಂಗೈಯಗಲದ ಕೂಸು. ಹಾಲು ಕುಡಿಯುವ ತ್ರಾಣವಿಲ್ಲ. ಗ್ಲೂಕೋಸ್ ನರದ ಮೂಲಕವೇ ಹೋಗಬೇಕು. ಹೆಡ್ ನರ್ಸ್ ಸೂಜಿ ಹಿಡಿದರು. ನರ ಜಾರಿತು. ಇನ್ನೊಮ್ಮೆ ಯತ್ನಿಸಿದರು, ಮತ್ತೆ ಜಾರಿತು. ಕನ್ನಡಕ ಒರೆಸಿಕೊಂಡರು, ತಪ್ಪು ಕನ್ನಡಕದ್ದಲ್ಲ ಎಂದು ಅವರಿಗೂ ಗೊತ್ತಿತ್ತು.

"ಸರ್, ನಾನೊಂದ್ಸಲ ನೋಡ್ಲಾ?" ಪಕ್ಕದಲ್ಲಿದ್ದ ಹೊಸ ನರ್ಸ್ ಕೇಳಿದಳು.

ಹೆಡ್ ನರ್ಸ್ ಪಕ್ಕಕ್ಕೆ ಸರಿದು ಹೊಸ ಸೂಜಿಯೊಂದನ್ನು ಅವಳ ಕೈಗಿತ್ತರು. ಅವಳು ಪುಟ್ಟ ಟಾರ್ಚನ್ನು ಕೂಸಿನ ಅಂಗೈ ಕೆಳಗೆ ಹಿಡಿದಳು. ಕೆಂಪಗೆ ಬೆಳಗಿದ ಕೈಯಲ್ಲಿ ನರ ಗೆರೆ ಎಳೆದಂತೆ ಕಂಡಿತು. ಲೊಚಗುಟ್ಟಿ, "ಬಾ ನನ್ನಪ್ಪ, ಬಾ" ಎಂದು ಪಿಸುಗುಡುತ್ತ ಸೂಜಿ ಇಳಿಸಿದಳು. ರಕ್ತದ ಚುಕ್ಕೆ ಇಣುಕಿತು. ಸೂಜಿ ಕೂತಿತ್ತು.

ಹೆಡ್ ನರ್ಸ್ ಕಣ್ಣುಕಣ್ಣು ಬಿಟ್ಟರು. ಟಾರ್ಚು, ಲೊಚಗುಟ್ಟುವುದು, ಕೊನೆಗೆ ಆ "ನನ್ನಪ್ಪ" ಕೂಡ ಅವರದೇ! ಅವಳೆದುರು ಅವರು ಒಮ್ಮೆಯೂ ಅದನ್ನು ಮಾಡಿ ತೋರಿಸಿರಲಿಲ್ಲ.

"ಯಾರಮ್ಮ ಹೇಳ್ಕೊಟ್ಟಿದ್ದು?"

"ನಿಮ್ಮ ಹಳೇ ಶಿಷ್ಯೆಯರು, ಸರ್. ಅಲ್ಲಿಂದಾನೇ ವಿಡಿಯೋ ಕಾಲ್ ಮಾಡಿ ಗೊಂಬೆ ಕೈ ಮೇಲೆ ತೋರಿಸಿದ್ರು. 'ಆ ಮನುಷ್ಯ ಜನ್ಮದಲ್ಲಿ ನಿನಗೆ ಕಲಿಸಲ್ಲ, ನಾವು ಮಾಡಿದ ಪಾಪ ನೀನು ಉಣ್ತಿದೀಯ' ಅಂದ್ರು."

"ಪಾಪಿಗಳು!" ಎಂದರಾದರೂ ನಗು ತಡೆಯಲಾಗಲಿಲ್ಲ. "ನೀನೂ ಹಾರೋಳೇ ತಾನೇ?"

"ಹೂಂ ಸರ್, ವೀಸಾ ಬಂದಿದೆ. ಅದಕ್ಕೇ ನನ್ನ ಹಿಂದೆ ಇನ್ನಿಬ್ಬರು ನರ್ಸ್‌ಗಳು ಸೇರಿದಾರಲ್ಲ, ಅವರಿಗೂ ಅಭ್ಯಾಸಕ್ಕೆ ಗೊಂಬೆ ಕೊಟ್ಟಿದೀನಿ. ನೀವು ಒಂದೊಂದೇ ಮರಿ ಸಾಕ್ತೀರಿ, ಅದು ಹಾರಿದ್ರೆ ಗೂಡು ಖಾಲಿ. ಎಲ್ಲರಿಗೂ ಒಟ್ಟಿಗೇ ಕಲಿಸಿ. ಒಬ್ಬಳಾದ್ರೂ ಇಲ್ಲೇ ನಿಲ್ತಾಳೆ."

"ಗುರುವಿಗೇ ಪಾಠ! ಕರಿ ಅವರನ್ನ."

ಕರೆಯುವ ಕೆಲಸವೇ ಇರಲಿಲ್ಲ. ಇಬ್ಬರೂ ಬಾಗಿಲಿಗೆ ಕಿವಿ ಹಚ್ಚಿ ನಿಂತಿದ್ದರು.

ಅವಳು ಹೊರಡುವವರೆಗೂ ಮೂವರಿಗೂ ಒಟ್ಟಿಗೇ ಪಾಠ ನಡೆಯಿತು. ಸೂಜಿ ಎಷ್ಟು ಓರೆಯಾಗಿರಬೇಕು, ನರ ಜಾರಿದರೆ ಬೆರಳೆಲ್ಲಿ ಒತ್ತಬೇಕು, ಎಲ್ಲವನ್ನೂ ಬಿಡಿಸಿ ಹೇಳಿದರು. ಹೋಗಬೇಡ ಎಂದು ಮಾತ್ರ ಅವರು ಅವಳಿಗೆ ಹೇಳಲಿಲ್ಲ.