ನಾನಿದ್ದಾಗ ಕೈಕೊಡದ ವೈಫೈ

ತಂಗಿಯ ಲ್ಯಾಪ್‌ಟಾಪಿನಿಂದ ವಿಂಡೋಸ್ ತೆಗೆದು ಲಿನಕ್ಸ್ ಹಾಕಿಕೊಟ್ಟವಳು ನಾನೇ. ಹಾಗಾಗಿ ವೈಫೈ ಕಡಿದಾಗಲೆಲ್ಲ ಬೈಗುಳವೂ ನನಗೇ. ಲ್ಯಾಪ್‌ಟಾಪ್ ರಿಪೇರಿ ನನ್ನ ಹೊಟ್ಟೆಪಾಡು. ತಲೆ ತಿನ್ನಲು ಗಿರಾಕಿಗಳು ಸಾಲದು ಅಂತ ಇವಳೊಬ್ಬಳು.

"ಅಕ್ಕಾ, ಹಾಳಾದ್ದು ಮತ್ತೆ ಹೋಯ್ತು ಕಣೇ. ಬಾಗಿಲ ಕ್ಯಾಮೆರಾನೂ ಕಪ್ಪಾಗಿದೆ."

ಅದೇ ವೈಫೈ ನಂಬಿದ್ದ ಆ ಕ್ಯಾಮೆರಾ ಇದ್ದದ್ದು ಅವಳ ಗಂಡನ ಮೇಲೆ ಕಣ್ಣಿಡಲು. ಅವಳ ಕೈ ಮುರಿದವನನ್ನು ಕೋರ್ಟು ಅವರಿಬ್ಬರ ಮನೆಯಿಂದ ಹೊರಗೆ ಹಾಕಿತ್ತು. ಹತ್ತಿರ ಸುಳಿದರೆ ಜೈಲು, ಆದರೆ ಸುಳಿದದ್ದಕ್ಕೆ ಸಾಕ್ಷಿ ಬೇಕು. ಅಲಾರಂ, ಕ್ಯಾಮೆರಾ ಕೂರಿಸುವುದೇ ಅವನ ಕಸುಬು.

ಪ್ರತಿ ಸಲವೂ ಸ್ಕೂಟರ್ ಹತ್ತಿ ಓಡಿದೆ. ಬ್ಯಾಟರಿ ಉಳಿಸಲೆಂದು ವೈಫೈ ಚಿಪ್ಪು ತೂಕಡಿಸುತ್ತಿತ್ತು, ಅದನ್ನು ತಪ್ಪಿಸಿದೆ. ಡ್ರೈವರ್ ಬದಲಾಯಿಸಿದೆ, ರೌಟರಿನ ಚಾನೆಲ್, ಪಾಸ್‌ವರ್ಡ್ ಬದಲಾಯಿಸಿದೆ. ನಾನು ಕೂತಿರುವಷ್ಟು ಹೊತ್ತು ಒಮ್ಮೆಯೂ ಕಡಿಯದು. ಮನೆ ಸೇರುವಷ್ಟರಲ್ಲಿ ಮತ್ತೆ ಫೋನು.

"ನಿನ್ನ ಕಂಡ್ರೆ ಭಯ ಅದಕ್ಕೆ," ಅನ್ನುತ್ತಿದ್ದಳು.

"ನಿನಗೂ ಸ್ವಲ್ಪ ಇದ್ದಿದ್ರೆ ಚೆನ್ನಾಗಿತ್ತು," ಅಂತಿದ್ದೆ. ಇಬ್ಬರೂ ನಗುತ್ತಿದ್ದೆವು.

ಆ ಮಧ್ಯಾಹ್ನ ಸ್ಕೂಟರ್ ಗ್ಯಾರೇಜಿನಲ್ಲಿತ್ತು; ಬಸ್ಸಿನಲ್ಲಿ ಹೋದೆ. ಕೂತು ಸ್ವಲ್ಪ ಹೊತ್ತಿಗೇ ವೈಫೈ ಕಡಿಯಿತು.

"ಅಬ್ಬಾ, ಸಿಕ್ಕಿಬಿತ್ತು ಕಳ್ಳ!" ಎಂದು ತೆರೆ ನೋಡಿದೆ. ರೌಟರೇ ಲ್ಯಾಪ್‌ಟಾಪನ್ನು ಹೊರದಬ್ಬಿದೆಯಂತೆ. ಮತ್ತೆ ಸೇರಿಸಿದೆ, ಮತ್ತೆ ದಬ್ಬಿತು. ತಂಗಿಯ ಫೋನಿಗೂ ವೈಫೈ ಇಲ್ಲ, ಕ್ಯಾಮೆರಾ ಕಪ್ಪು. ರೌಟರ್ ಮಾತ್ರ ಏನೂ ಆಗಿಲ್ಲವೆಂಬಂತೆ ಮಿನುಗುತ್ತಿತ್ತು. ಅಂದರೆ ದಬ್ಬುತ್ತಿದ್ದದ್ದು ಅದಲ್ಲ, ಅದರ ಹೆಸರಿನಲ್ಲಿ ಬೇರೆ ಯಾರೋ. ಹಾಗೆ ವೈಫೈ ಕಡಿಯುವ ಪುಟ್ಟ ಯಂತ್ರಗಳಿವೆ, ಜೇಬಿನಲ್ಲಿ ಹಿಡಿಸುತ್ತವೆ. ಹಿಡಿದವನು ಮಾತ್ರ ಮನೆಯ ಹತ್ತಿರವೇ ನಿಂತಿರಬೇಕು.

ಇಷ್ಟು ದಿನ ನಾನಿದ್ದಾಗ ಯಾಕೆ ಕಡಿಯಲಿಲ್ಲ? ಬಾಗಿಲೆದುರು ನನ್ನ ಸ್ಕೂಟರ್ ಇರುತ್ತಿತ್ತು. ಇವತ್ತಿಲ್ಲ. ಇವಳು ಒಬ್ಬಳೇ ಇದ್ದಾಳೆಂದು ಅವನು ತಿಳಿದಿದ್ದಾನೆ.

"ಏನೇ ಅದು? ಮುಖ ಯಾಕೆ ಹೀಗಾಯ್ತು?"

"ಮೆಲ್ಲಗೆ ಮಾತಾಡು. ನಿನ್ನ ಗಂಡ ಹೊರಗಿದ್ದಾನೆ. ಇಷ್ಟು ದಿನ ಕ್ಯಾಮೆರಾ ಕುರುಡು ಮಾಡಿ ಬಾಗಿಲವರೆಗೆ ಬಂದು ಹೋಗ್ತಿದ್ದ. ಪೊಲೀಸರಿಗೆ ಫೋನ್ ಮಾಡು, ಬೇಗ!"

ಅವಳು ಫೋನು ಎತ್ತಿಕೊಂಡಳು. ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ ಕೇಳಿತು, ಅವಸರವೇ ಇಲ್ಲದ ಹೆಜ್ಜೆ.

"ಬಾಗಿಲ ಬೀಗ ಬದಲಾಯಿಸಿದ್ದೀಯ ತಾನೇ?" ಪಿಸುಗುಟ್ಟಿದೆ.

ಅವಳು ನನ್ನನ್ನೇ ನೋಡಿದಳು. "ಎಲ್ಲಾ ನೀನೇ ಬದಲಾಯಿಸ್ತಿದ್ಯಲ್ಲ ಅಕ್ಕಾ... ಅದನ್ನೂ ಮಾಡಿದ್ದೀಯ ಅಂದ್ಕೊಂಡಿದ್ದೆ."

ಚಿಲಕ ಹಾಕಲು ಎದ್ದೆ. ಅಷ್ಟರಲ್ಲಿ ಬೀಗದೊಳಗೆ ಕೀಲಿ ತಿರುಗಿತು.