ಪರವಾಗಿಲ್ಲ ಅಂದಿದ್ದಕ್ಕೆ

ಇದನ್ನು ನಾನು ಹೇಳಬಾರದೇನೋ. ಕಣ್ಣಿನ ವಿಷಯ ಹೇಳಲು ನಾನು ಡಾಕ್ಟರಲ್ಲ. ಬರೆಯಲು, ಸಂಜೆ ಕಾಲೇಜಿನಲ್ಲಿ ತೂಕಡಿಸುತ್ತ ಮುಗಿಸಿದ ಬಿ.ಎ. ಬಿಟ್ಟರೆ ಬೇರೆ ಬಂಡವಾಳ ನನ್ನಲ್ಲಿಲ್ಲ. ಎಲ್ಲಾದರೂ ತಪ್ಪಿದ್ದರೆ ತಿಳಿದವರು ಮನ್ನಿಸಬೇಕು. ಹೇಳಬೇಕಾದವರು ದ್ರೌಪದಕ್ಕ. ಆದರೆ ಅವರ ಒಂದು ಮಾತನ್ನು ಬೇರೆಯವರು ತೆಗೆದು ಇಟ್ಟುಕೊಂಡಿದ್ದಾರೆ. ಆ ಮಾತಿನ ಹಿಂದುಮುಂದು ಏನಿತ್ತು ಅಂತ ಯಾರಾದರೂ ಹೇಳಬೇಕಲ್ಲ.

ಬಾಗಲಗುಂಟೆಯ ನಮ್ಮ ವಠಾರದಲ್ಲಿ ದ್ರೌಪದಕ್ಕನ ಬಾಗಿಲಿನಿಂದ ಹಿಂದಿನ ಕಕ್ಕಸಿನವರೆಗೆ ಒಂದು ನೈಲಾನ್ ಹಗ್ಗ ಇದೆ. ಅವರು ಹಿಡಿದುಕೊಂಡು ಹೋಗಿಬರಲಿ ಅಂತ ನಾನೇ ಕಟ್ಟಿದ್ದು. ಕಟ್ಟಿದ ವಾರದೊಳಗೆ ವಠಾರದವರು ಅದರ ಮೇಲೆ ಬಟ್ಟೆ ಒಣಹಾಕಲು ಶುರುಮಾಡಿದರು. ದ್ರೌಪದಕ್ಕ ಒದ್ದೆ ಸೀರೆ, ಪ್ಯಾಂಟುಗಳನ್ನು ಕೈಯಿಂದ ಸರಿಸುತ್ತ, ಮುಖಕ್ಕೆ ತಗುಲಿದ್ದನ್ನು ಒರೆಸಿಕೊಳ್ಳುತ್ತ ನಡೆಯುತ್ತಿದ್ದರು. ನಾನು ಜಗಳಕ್ಕೆ ಹೊರಟರೆ ತಡೆದರು. "ಪರವಾಗಿಲ್ಲ ಬುಡು ಶಶಿ. ಬಟ್ಟೆ ಮುಟ್ಟಿದ್ರೆ ಜನ ಮುಟ್ಟಿದಂಗೆ ಆಯ್ತದೆ."

ಅವರಿಗೆ ಗಂಡನಿಲ್ಲ, ಮಕ್ಕಳಿಲ್ಲ. ಶೆಟ್ಟಿಹಳ್ಳಿಯ ಶೆಡ್ಡಿನಲ್ಲಿ ಗ್ರೈಂಡಿಂಗ್ ಚಕ್ರಕ್ಕೆ ಎರಕದ ತುಂಡುಗಳನ್ನು ಒತ್ತಿಹಿಡಿದು ಅಂಚು ನಯಮಾಡುವುದು ಅವರ ಕೆಲಸವಾಗಿತ್ತು. ನಾನು ಅಲ್ಲೇ ಪ್ಯಾಕಿಂಗಿನಲ್ಲಿದ್ದೆ. ಶೆಡ್ಡು ಯಶವಂತ್ ಅವರದು. ಒಂದು ಕಾಲಕ್ಕೆ ಆ ಜಾಗ ಅವರ ತಾತನ ರಾಗಿ ಹೊಲ. ದ್ರೌಪದಕ್ಕನ ತಾಯಿ ಅಲ್ಲಿ ಕಳೆ ಕಿತ್ತವರು. ಚೂರು ಮೈಗೆ ಹಾರದಂತೆ ಚಕ್ರಕ್ಕೆ ಕಬ್ಬಿಣದ ಗಾರ್ಡು ಇತ್ತು. ಅದಿದ್ದರೆ ದೊಡ್ಡ ತುಂಡು ಒಳಗೆ ಹೋಗುವುದಿಲ್ಲ, ಕೆಲಸ ನಿಧಾನವಾಗುತ್ತದೆ ಅಂತ ಯಶವಂತ್ ಅದನ್ನು ಬಿಚ್ಚಿಸಿ ಮೂಲೆಗೆ ಹಾಕಿಸಿದ್ದರು.

ಎರಡು ಸಾವಿರದ ಹದಿನಾಲ್ಕರ ಬೇಸಿಗೆಯಲ್ಲಿ ಚಕ್ರ ಒಡೆಯಿತು. ಚೂರು ಹಣೆಗೆ ಬಡಿದು ಮೂಳೆ ಸೀಳಿತು. ಗಾಯ ಮಾಯಿತು, ಆದರೆ ಎಚ್ಚರವಾದಾಗಿನಿಂದ ದ್ರೌಪದಕ್ಕ ಲೈಟು ಹಾಕಿ ಅಂತಲೇ ಕೇಳುತ್ತಿದ್ದರು.

ಕಣ್ಣುಗಳಿಗೆ ಮಾತ್ರ ಏನೂ ಆಗಿರಲಿಲ್ಲ. ಮೊದಲಿನ ಹಾಗೇ ಹೊಳೆಯುತ್ತಿದ್ದವು. ಅದೇ ಕಷ್ಟಕ್ಕೆ ಬಂತು. ನೋಡಲು ಬಂದವರೆಲ್ಲ ಅವರ ಮುಖದ ಮುಂದೆ ಕೈ ಆಡಿಸಿ ಪರೀಕ್ಷೆ ಮಾಡಿದರು. ಶೆಡ್ಡಿನ ಸೂಪರ್‌ವೈಸರು ನಾಟಕ ಇರಬಹುದು ಅಂದನಂತೆ. ಸರ್ಕಾರಿ ಕಣ್ಣಾಸ್ಪತ್ರೆಯ ಡಾಕ್ಟರಮ್ಮ ಮಾತ್ರ ಅವರ ಕೈ ಹಿಡಿದು ಬಿಡಿಸಿ ಹೇಳಿದರು. ಕಣ್ಣು ಚೆನ್ನಾಗಿದೆ, ಕಣ್ಣಿನಿಂದ ಮೆದುಳಿಗೆ ಹೋಗುವ ನರ ಸತ್ತಿದೆ. ಅದನ್ನು ಮತ್ತೆ ಬೆಳೆಸುವ ಔಷಧ ಇವತ್ತಿಗೆ ಇಲ್ಲ. ಪ್ರಯೋಗಗಳು ನಡೆಯುತ್ತಿವೆ, ಇಲಿಗಳಲ್ಲಿ ಒಂದಿಷ್ಟು ಆಗಿದೆ, ಮನುಷ್ಯರಿಗೆ ಯಾವಾಗ ಬರುತ್ತದೋ ಹೇಳಲಾರೆ ಅಂದರು. ಯಾರಾದರೂ ಈಗಲೇ ಕೊಡುತ್ತೇವೆ ಅಂದರೆ ಮೊದಲು ನನ್ನ ಹತ್ತಿರ ಬನ್ನಿ ಅಂತಲೂ ಹೇಳಿದರು.

ನಾವಿಬ್ಬರೂ ಪರಿಹಾರಕ್ಕೆ ಕೇಸು ಹಾಕುವ ಮಾತಾಡಿಕೊಂಡೆವು. ಅದು ಹೇಗೋ ಗೊತ್ತಾಗಿ ಯಶವಂತ್ ತಾವೇ ಕಾರಿನಲ್ಲಿ ವಠಾರಕ್ಕೆ ಬಂದರು. ದ್ರೌಪದಕ್ಕ ಅವರ ದನಿ ಕೇಳಿ ಎದ್ದು ನಿಂತರು.

"ಕೂತ್ಕೊ ದ್ರೌಪದಮ್ಮ. ಆರ್.ಟಿ. ನಗರದಲ್ಲಿ ನಮ್ಮ ಬಿಲ್ಡಿಂಗಲ್ಲೇ ಒಂದು ಕ್ಲಿನಿಕ್ ಬಂದಿದೆ. ಸ್ಟೆಮ್ ಸೆಲ್ ಅಂತ. ಹೊಸ ಸೆಲ್ ಹಾಕ್ತಾರೆ, ನರ ಚಿಗುರುತ್ತೆ."

"ಸೆಲ್ಲಾ ಸಾಮಿ? ಬ್ಯಾಟ್ರಿಗೆ ಆಕ್ತಾರಲ್ಲ, ಅದಾ?"

ಅವರು ನಕ್ಕರು. "ಹೂಂ, ಹಂಗೇ ಅನ್ಕೊ. ಮೊದ್ಲು ಕಣ್ಣು ಬರ್ಲಿ, ಆಮೇಲೆ ಕೇಸು ಗೀಸು ನೋಡೋಣ. ಎಲ್ಲಾ ನಂದೇ ಖರ್ಚು."

ಡಾಕ್ಟರಮ್ಮನನ್ನು ಕೇಳೋಣ ಅಂತ ನಾನು ಎರಡು ಸಲ ಹೇಳಿದೆ. ದ್ರೌಪದಕ್ಕ ಆ ರಾತ್ರಿ ಊಟ ಮಾಡಲಿಲ್ಲ. ಬೆಳಿಗ್ಗೆ ನನ್ನನ್ನು ಕರೆದರು. "ಆಯಮ್ಮ ಇಲ್ಲ ಅಂದ್ರು. ಇವ್ರು ಐತೆ ಅಂತಾರೆ. ಕತ್ಲಲ್ಲಿ ಕೂತೋಳು ಯಾರ ಮಾತು ಕೇಳ್ತಾಳೆ, ನೀನೇ ಯೋಳು." ನಾನೇ ಕರೆದುಕೊಂಡು ಹೋದೆ.

ಕ್ಲಿನಿಕ್ಕಿನಲ್ಲಿ ಸೊಂಟದ ಮೂಳೆಯಿಂದ ಮಜ್ಜೆ ತೆಗೆದು, ಅದರಿಂದ ಏನೋ ಬೇರ್ಪಡಿಸಿ, ಕಣ್ಣಿನ ಹಿಂದೆ ಚುಚ್ಚಿದರು. ಒಳಗೆ ರೋಗಿಯನ್ನು ಮಾತ್ರ ಬಿಡುತ್ತಿದ್ದರು. ನಾನು ಹೊರಗೆ, ಗಿಡ ಚಿಗುರುವ ಚಿತ್ರ ಅಂಟಿಸಿದ್ದ ಗೋಡೆಯ ಮುಂದೆ ಕೂತಿದ್ದೆ.

ಆಮೇಲಿನ ದಿನಗಳನ್ನು ಹೇಗೆ ಹೇಳಲಿ? ದ್ರೌಪದಕ್ಕ ಬೆಳಗಾಗುವ ಮುಂಚೆ ಎದ್ದು, ತಲೆ ಬಾಚಿಕೊಂಡು, ಪೂರ್ವದ ಬಾಗಿಲಿಗೆ ಮುಖಮಾಡಿ ಕೂರುತ್ತಿದ್ದರು. ನೆಂಟರು ಬರುತ್ತಾರೆ ಅಂತ ಕಾಯುವವರ ಹಾಗೆ. ನಾನು ಕೆಲಸಕ್ಕೆ ಹೊರಡುವಾಗ, "ಬಿಸ್ಲು ಬಂತಾ ಶಶಿ?" ಅಂತ ಕೇಳುತ್ತಿದ್ದರು. ಕೆನ್ನೆಗೆ ಬಿಸಿ ತಾಕುತ್ತಿತ್ತು, ಅವರಿಗೂ ಗೊತ್ತಾಗುತ್ತಿತ್ತು. ಆದರೂ ಕೇಳುತ್ತಿದ್ದರು. ಕೆಲವು ವಾರ ಕಳೆದ ಮೇಲೆ ಕೇಳುವುದನ್ನೂ ಬಿಟ್ಟರು.

ಮತ್ತೆ ತೋರಿಸಲು ಹೋದ ದಿನ ಒಳಗೆ ಏನಾಯಿತು ಅಂತ ಅವರೇ ಹೇಳಿದ್ದು. ಮಂಜುಶ್ರೀ ಅಂತ ಒಬ್ಬ ಹುಡುಗಿ, ಕ್ಲಿನಿಕ್ಕಿಗೆ ಬಂದವರನ್ನು ಮಾತಾಡಿಸುವ ಕೆಲಸದವಳು, ಗದ್ದ ಹಿಡಿದು ಇವರ ಮುಖವನ್ನು ಒಂದು ಕಡೆಗೆ ತಿರುಗಿಸಿದಳಂತೆ. ಡಾಕ್ಟರು ಹೇಗಿದೆ ಅಮ್ಮಾ ಅಂತ ಕೇಳಿದರಂತೆ. ದನಿ ಎಳೆಯದು, ದಣಿದಿತ್ತು. ಪಾಪ, ಅಷ್ಟೆಲ್ಲ ಕಷ್ಟಪಟ್ಟಿದ್ದಾರೆ, ಅವರ ಮುಖಕ್ಕೆ ಹೊಡೆದ ಹಾಗೆ ಹೇಗೆ ಹೇಳುವುದು ಅನ್ನಿಸಿ ಇವರು, "ಪರವಾಗಿಲ್ಲ ಸಾ" ಅಂದರಂತೆ. ಆಮೇಲೆ ಕೈಮುಗಿದರಂತೆ.

ನಮ್ಮ ಕಡೆ ಆ ಮಾತನ್ನು ಎಲ್ಲದಕ್ಕೂ ಅನ್ನುತ್ತೇವೆ. ಜ್ವರ ಇಳಿದರೂ ಪರವಾಗಿಲ್ಲ. ಯಾರಾದರೂ ಕಾಲು ತುಳಿದರೂ ಪರವಾಗಿಲ್ಲ. ಮಳೆಗಾಲ ಕಳೆದ ಮೇಲೆ ಶೆಡ್ಡಿಗೆ ಹೋಗಿ ಕೇಸಿನ ಮಾತೆತ್ತಿದಾಗ ಯಶವಂತ್ ಮೊಬೈಲು ತೆಗೆದು, ಕ್ಲಿನಿಕ್ಕಿನಲ್ಲಿ ಅವತ್ತು ತೆಗೆದ ವಿಡಿಯೋ ಹಾಕಿ ನಮ್ಮ ಮುಂದೆ ಹಿಡಿದರು. ಅದರೊಳಗಿಂದ ದ್ರೌಪದಕ್ಕನ ದನಿ ಬಂತು. ಪರವಾಗಿಲ್ಲ ಸಾ.

"ನೀನೇ ಹೇಳಿದ್ದಲ್ವಾ ದ್ರೌಪದಮ್ಮ? ಇನ್ನೇನ್ ಕೇಸು? ಹಾಕ್ತೀಯಾ, ಹಾಕು. ಇದನ್ನೇ ಅಲ್ಲಿ ತೋರಿಸ್ತೀನಿ."

ದ್ರೌಪದಕ್ಕ ದನಿ ಬಂದ ಕಡೆಗೆ ಕೈ ಚಾಚಿದರು. ತಮ್ಮ ಮಾತನ್ನು ವಾಪಸು ತೆಗೆದುಕೊಳ್ಳುವವರ ಹಾಗೆ. ಯಶವಂತ್ ಮೊಬೈಲನ್ನು ಜೇಬಿಗೆ ಹಾಕಿಕೊಂಡರು.

ಬಸ್ಸಿನಲ್ಲಿ ವಾಪಸು ಬಂದು ಇಳಿಯುವ ಮುಂಚೆ ದ್ರೌಪದಕ್ಕ, ಅದನ್ನು ಇನ್ನೂ ಯಾರಿಗೆಲ್ಲ ಕೇಳಿಸಿದ್ದಾರೆ ಅಂತ ಕೇಳಿದರು. ಕ್ಲಿನಿಕ್ಕಿನ ಹಾಲಿನಲ್ಲಿ ಟಿ.ವಿ. ಇತ್ತು, ರೋಗಿಗಳು ಮಾತಾಡುವುದನ್ನು ಅದರಲ್ಲಿ ತೋರಿಸುತ್ತಿದ್ದರು. ನಾನು ಅದನ್ನು ಹೇಳಿದೆ.

"ನಾಳೆ ಕರ್ಕೊಂಡೋಗು."

ನನ್ನ ಕೆಲಸ ಹೋಗುತ್ತದೆ ಅಂತ ಗೊತ್ತಿತ್ತು. ಆದರೂ ಹೋದೆವು.

ಕ್ಲಿನಿಕ್ಕಿನ ಹಾಲಿನ ತುಂಬ ಜನ. ಕಪ್ಪು ಕನ್ನಡಕದವರು, ಅವರ ಕೈ ಹಿಡಿದವರು. ನಮ್ಮ ಪಕ್ಕದಲ್ಲಿ ಯಶವಂತಪುರದ ಫಖ್ರುನ್ನೀಸಾ ಅನ್ನುವವರು ಗಂಡ ದಸ್ತಗೀರ್ ಜೊತೆ ಕೂತಿದ್ದರು. ಕಣ್ಣಿನೊಳಗಿನ ಒತ್ತಡದಿಂದ ದಸ್ತಗೀರ್ ಅವರ ನರ ಹೋಗಿತ್ತು. ಅವರು ಓಡಿಸುತ್ತಿದ್ದ ಆಟೋ ಮಾರಿ ಚಿಕಿತ್ಸೆಗೆ ಬಂದಿದ್ದರು. ಟಿ.ವಿ.ಯಲ್ಲಿ ಒಬ್ಬೊಬ್ಬರೇ ಬಂದು ಹೋದರು. ಕೊನೆಗೆ ದ್ರೌಪದಕ್ಕನ ಮುಖ ಬಂತು. ಕೆಳಗೆ, ದೃಷ್ಟಿ ಸುಧಾರಿಸಿದೆ ಅಂತ ಅಕ್ಷರ. ಹಾಲಿನ ತುಂಬ ಅವರ ದನಿ. ಪರವಾಗಿಲ್ಲ ಸಾ.

ದ್ರೌಪದಕ್ಕ ನನ್ನ ಭುಜ ಹಿಡಿದು ಎದ್ದರು.

"ಈಗ ಮಾತಾಡಿದ್ದು ನಾನೇ ಕಣ್ರಮ್ಮ, ಕಣ್ರಪ್ಪ. ಇಲ್ಲೇ ನಿಂತಿವ್ನಿ ನೋಡಿ. ಕಣ್ಣು ಬಂತು ಅಂತ ಅಂದಿದ್ದಲ್ಲ ಅದು. ಓಗ್ಲಿ ಬುಡಿ ಅಂತ ಅಂದಿದ್ದು."

ಮಂಜುಶ್ರೀ ಓಡಿಬಂದಳು. ಟಿ.ವಿ. ಆರಿತು. ಅಮ್ಮನಿಗೆ ಹುಷಾರಿಲ್ಲ, ಒಳಗೆ ಬನ್ನಿ ಅಂತ ಕೈ ಹಿಡಿದಳು. ದ್ರೌಪದಕ್ಕ ಕೈ ಬಿಡಿಸಿಕೊಂಡರು.

"ಬುಡಮ್ಮ. ಅವತ್ತು ಗದ್ದ ಇಡ್ದು ತಿರುಗಿಸ್ದೆ, ಇವತ್ತು ನಾನೇ ತಿರುಗಿವ್ನಿ."

ಯಾರೋ ನಕ್ಕರು. ಫಖ್ರುನ್ನೀಸಾ ಮೆಲ್ಲಗೆ ಕೇಳಿದರು, "ಅಮ್ಮಾ, ಸ್ವಲ್ಪಾನೂ ಕಾಣಲ್ವಾ? ನೆರಳು, ಬೆಳಕು, ಏನಾದ್ರೂ?"

"ಇಲ್ಲ ತಾಯಿ. ಪರವಾಗಿಲ್ಲ ಅನ್ನೋದ್ರಲ್ಲೂ ಇಲ್ಲ ಅಂತ್ಲೇ ಐತಲ್ಲ. ಇವ್ರಿಗೆ ಅದೊಂದು ಕೇಳಿಸ್ಲಿಲ್ಲ."

ಮೂಲೆಯಿಂದ ಒಬ್ಬ ಮುದುಕ ಕೋಲು ಊರಿ ಎದ್ದು, ನಮಗೂ ಚುಚ್ಚಿದ್ದಾರೆ, ನಮಗೂ ಏನೂ ಇಲ್ಲ, ಹೇಳಲು ನಾಚಿಕೆಯಾಗಿತ್ತು ಅಂದರು. ಅವರ ಹಿಂದೆ ಇನ್ನೊಂದು ಹೆಂಗಸಿನ ದನಿ. ಅಷ್ಟರಲ್ಲಿ ಸೆಕ್ಯೂರಿಟಿಯವರು ನಮ್ಮಿಬ್ಬರನ್ನೂ ಮೆಟ್ಟಿಲು ಇಳಿಸಿದರು.

ಕೇಸು ಹಾಕಿದ್ದೇವೆ. ಯಶವಂತ್ ಆ ವಿಡಿಯೋ ತೋರಿಸಿದ್ದಾರೆ. ಡಾಕ್ಟರಮ್ಮ ಬಂದು, ಅವರಿಗೆ ಕಾಣುವುದಿಲ್ಲ ಅಂತ ಹೇಳಿಕೆ ಕೊಟ್ಟಿದ್ದಾರೆ. ನನ್ನ ಕೆಲಸ ಹೋಯಿತು. ಶೆಡ್ಡಿನ ಹೆಂಗಸರು ಮಾತ್ರ ಗಾರ್ಡನ್ನು ಮೂಲೆಯಿಂದ ಎಳೆದು ತಾವೇ ಕೂರಿಸಿ, ಅದಿಲ್ಲದೆ ಚಕ್ರ ಮುಟ್ಟುವುದಿಲ್ಲ ಅಂತ ನಿಂತರಂತೆ. ವಠಾರದವರು ಹಗ್ಗದ ಮೇಲಿನ ಬಟ್ಟೆ ತೆಗೆದರು. ಹಗ್ಗ ಬರಿದಾಗಿದ್ದು ಕೈಗೆ ತಿಳಿದ ದಿನ ದ್ರೌಪದಕ್ಕ ಅಲ್ಲೇ ಸ್ವಲ್ಪ ಹೊತ್ತು ನಿಂತಿದ್ದರು. ಸಂತೋಷಕ್ಕೋ, ಇನ್ನೇನಕ್ಕೋ, ಕೇಳಲು ನನಗೆ ಧೈರ್ಯ ಬರಲಿಲ್ಲ.

ಕೇಸು ಏನಾಗುತ್ತದೋ ಗೊತ್ತಿಲ್ಲ. ಸತ್ತ ನರ ಒಂದು ದಿನ ನಿಜವಾಗಿ ಚಿಗುರುತ್ತದೋ, ಚಿಗುರಿದರೆ ಅದು ನಮ್ಮ ವಠಾರದ ತನಕ ಬರುತ್ತದೋ, ಅದೂ ಗೊತ್ತಿಲ್ಲ. ಅವತ್ತು ಕ್ಲಿನಿಕ್ಕಿನ ಮೆಟ್ಟಿಲು ಇಳಿಸುವಾಗ, ಚುಚ್ಚಿಸಿಕೊಳ್ಳಲು ಒಳಗೆ ಬನ್ನಿ ಅಂತ ದಸ್ತಗೀರ್ ಅವರ ಹೆಸರು ಕೂಗಿದ್ದು ಹಿಂದಿನಿಂದ ಕೇಳಿಸಿತು. ಫಖ್ರುನ್ನೀಸಾ ಎದ್ದಿದ್ದರು. ಗಂಡನ ಕೈ ಹಿಡಿದು ಒಳಗೆ ಹೋದರೋ, ನಮ್ಮ ಹಿಂದೆ ಮೆಟ್ಟಿಲಿಗೆ ಬಂದರೋ, ನಾನು ನೋಡಲಿಲ್ಲ.