ಕಂಬದ ಕೌದಿಗೆ ಹೋಳಿಗೆ

ಯಲಬುರ್ಗಾದಿಂದ ಕೊಪ್ಪಳಕ್ಕೆ ಹೋಗುವ ಬೆಳಗಿನ ಬಸ್ಸಿನ ಡ್ರೈವರ್ ಪಂಪಾಪತಿಯನ್ನು ನಾನು ಬೈದಷ್ಟು ಕಟ್ಟಿಕೊಂಡ ಗಂಡನನ್ನೂ ಬೈದಿಲ್ಲ. ನಮ್ಮ ಕಡೆಯ ಮಂಗಳೂರು ಎಂಬ ಹಳ್ಳಿ ದಾಟಿದ ಮೇಲೆ ನಮ್ಮೂರ ಕ್ರಾಸು ಬರುತ್ತದೆ. ಬಸ್ಸು ಅಲ್ಲಿ ನಿಲ್ಲಬೇಕು, ನಿಲ್ಲುವುದಿಲ್ಲ. ನಾನು ಕೈ ಮಾಡುತ್ತೇನೆ, ಅವನೂ ಊರಿಗೆ ಹೊರಟ ಬೀಗನ ಹಾಗೆ ಕೈ ಬೀಸುತ್ತಾನೆ. ಆಮೇಲೆ ಧೂಳು ನನ್ನ ಮೇಲೆ ಇಳಿಯುತ್ತದೆ, ಬಸ್ಸು ಹೋಗಿರುತ್ತದೆ.

ನನಗೆ ಕೊಪ್ಪಳದ ಒಂದು ಸರ್ಕಾರಿ ಕಚೇರಿಯಲ್ಲಿ ಅಟೆಂಡರ್ ಕೆಲಸ. ಹೊಸದು, ಇನ್ನೂ ಕಾಯಂ ಆಗಿಲ್ಲ. ನಮ್ಮ ಮನೆತನದಲ್ಲಿ ಹೊಲದ ಕೂಲಿ ಬಿಟ್ಟು ಫ್ಯಾನಿನ ಕೆಳಗೆ ಕೂತ ಮೊದಲ ಹೆಂಗಸು ನಾನು. ಆ ಫ್ಯಾನು ತಿರುಗುವುದಕ್ಕಿಂತ ಕಿರುಗುಟ್ಟುವುದೇ ಹೆಚ್ಚು, ಆದರೂ ಅದನ್ನು ಬಿಡಲು ನನಗೆ ಮನಸ್ಸಿಲ್ಲ. ಬಸ್ಸು ತಪ್ಪಿದ ದಿನ ಟಂಟಂ ಆಟೋ ಹತ್ತಿ, ಇಳಿದು, ಇನ್ನೊಂದು ಹತ್ತಿ, ಕಚೇರಿ ಮುಟ್ಟುವಷ್ಟರಲ್ಲಿ ಎಲ್ಲರೂ ಚಹಾ ಕುಡಿದು ಮುಗಿಸಿರುತ್ತಾರೆ. ಒಂದು ಶನಿವಾರ ಸಾಹೇಬರು ನನ್ನನ್ನು ಕರೆದರು.

"ಅನುಸೂಯಾ, ದಿನಾ ಹಿಂಗ ತಡಾ ಆದ್ರ ನಾ ಬ್ಯಾರೆದವರನ್ನ ನೋಡಬೇಕಾಗ್ತೈತಿ," ಎಂದರು. ಅವರು ಸಿಟ್ಟಿನಿಂದ ಹೇಳಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ. ಮೆಲ್ಲಗೆ ಹೇಳಿದರು, ಅದಕ್ಕೇ ಹೆದರಿಕೆಯಾಯಿತು.

ಅವತ್ತು ಸಂಜೆ ಕೊಪ್ಪಳದ ಬಸ್ ಸ್ಟ್ಯಾಂಡಿನಲ್ಲಿ ಪಂಪಾಪತಿಯನ್ನು ಹಿಡಿದೆ. ಅವನು ಆರಾಮಾಗಿ ಮೀಸೆ ಒರೆಸಿಕೊಂಡ.

"ಅಕ್ಕಾರ, ಅಲ್ಲಿ ಸ್ಟಾಪ್ ಐತಿ ಅಂತ ಕಣ್ಣಿಗೆ ಕಾಣಬೇಕಲ್ರಿ. ಬೋರ್ಡ್ ಗಾಳಿಗೆ ಹಾರಿ ಹೋಗೈತಿ. ಒಂದು ಬೋಳು ಕಂಬ, ಬಾಜೂಕ ನೀವು. ದೂರದಿಂದ ಎರಡೂ ಒಂದ ನಮೂನಿ ಕಾಣ್ತೀರಿ."

ನಾನು ಸ್ವಲ್ಪ ತೆಳ್ಳಗಿದ್ದೇನೆ, ಒಪ್ಪುತ್ತೇನೆ. ಆದರೆ ಕಂಬ ಕೈ ಬೀಸುವುದನ್ನು ಇವನು ಎಲ್ಲಿ ನೋಡಿದ್ದಾನೆ?

ಮರುದಿನ ಭಾನುವಾರ. ನನ್ನ ಗೆಳತಿ ಹಸನಬೀಯ ಮನೆ ಕಟ್ಟೆಗೆ ಹೋಗಿ ಎಲ್ಲವನ್ನೂ ಕಕ್ಕಿದೆ. ಹಸನಬೀ ನಮ್ಮೂರ ಟೇಲರ್. ಬಾಯಿ ಮತ್ತು ಮಿಷನ್ನು ಒಟ್ಟಿಗೇ ಓಡಿಸುವವಳು. ಪಕ್ಕದಲ್ಲಿ ಮಾಳವ್ವ ದೊಡ್ಡವ್ವ ಕೂತಿದ್ದಳು. ಊರಿನ ಅರ್ಧ ಜನ ಹುಟ್ಟಿದಾಗ ಸುತ್ತಿದ, ಹಳೆ ಬಟ್ಟೆಯ ತುಂಡು ಜೋಡಿಸಿದ ಕೌದಿ ಅವಳು ಹೊಲಿದದ್ದೇ. ಈಗ ಎಲ್ಲರೂ ಪೇಟೆಯಿಂದ ಹುಲಿಚಿತ್ರದ ರಗ್ಗು ತರುತ್ತಾರೆ, ಅವಳ ಸೂಜಿಗೆ ಕೆಲಸವಿಲ್ಲ.

ಹಸನಬೀ ಫೋನು ತೆಗೆದು ಒಂದು ವೀಡಿಯೊ ತೋರಿಸಿದಳು. ಯಾವುದೋ ದೇಶದಲ್ಲಿ ಹೆಂಗಸರು ಬೀದಿಯ ಮರಗಳಿಗೆಲ್ಲ ಬಣ್ಣಬಣ್ಣದ ಉಲ್ಲನ್ ಅಂಗಿ ತೊಡಿಸಿದ್ದರು.

"ಗಿಡಕ್ಕ ಥಂಡಿ ಹತ್ತಿತ್ತೇನ?" ಎಂದಳು ಮಾಳವ್ವ.

"ಚಂದ ಕಾಣಲಿ ಅಂತ ಹಾಕ್ಯಾರ ದೊಡ್ಡವ್ವ. ನಾವೂ ನಮ್ಮ ಕಂಬಕ್ಕ ಒಂದು ಕೌದಿ ಹೊಚ್ಚೂಣು. ಆ ಪಂಪಾಪತಿ ಕಣ್ಣು ಮುಚ್ಚಿಕೊಂಡು ಬಂದ್ರೂ ಕಾಣಬೇಕು."

ಮಾಳವ್ವ ದಡಕ್ಕನೆ ಎದ್ದು ಮನೆಗೆ ಹೋದಳು. ಸಿಟ್ಟಾದಳೇನೋ ಎಂದುಕೊಂಡೆವು. ಸೂಜಿ, ದಾರದುಂಡೆ, ಕನ್ನಡಕ ಹಿಡಿದು ಬಂದು ಕಟ್ಟೆಯ ಮೇಲೆ ಕಾಲು ಚಾಚಿ ಕೂತಳು.

ಅಂದು ನಾವು ನಕ್ಕಷ್ಟು ನಾನು ಯಾವ ಮದುವೆಯಲ್ಲೂ ನಕ್ಕಿಲ್ಲ. ಹಸನಬೀ ಊರಿನ ಎಲ್ಲ ಬ್ಲೌಸುಗಳ ತುಂಡು ಸುರಿದಳು, ಯಾವ ತುಂಡು ಯಾರದೆಂದು ಹೇಳುತ್ತ ಅವರವರ ಅಳತೆಯನ್ನೂ ಹೇಳಿಬಿಟ್ಟಳು. ಮಾಳವ್ವ ತನ್ನ ಹಳೆಯ ಇಳಕಲ್ ಸೀರೆಯ ಸೆರಗು ಕೊಟ್ಟಳು. ನಾನು ನನ್ನ ಗಂಡ ಕಳಕೇಶನ ಚೌಕಡಿ ಲುಂಗಿ ಎಗರಿಸಿ ತಂದೆ. ಕಂಬಕ್ಕೆ ಮೇಲಿಂದ ಕೆಳಗೆ ಸುತ್ತಿ ಸುತ್ತಿ ಬರುವಂತೆ ಉದ್ದಕ್ಕೆ ಒಂದೇ ಪಟ್ಟಿ ಹೊಲಿದೆವು. ಅದರ ಮೇಲೆ ಒಂದು ಕೆಂಪು ಬಸ್ಸು, ಕೈ ಎತ್ತಿ ನಿಂತ ಒಬ್ಬ ತೆಳ್ಳನೆಯ ಹೆಂಗಸು, ಎಲ್ಲಕ್ಕಿಂತ ಕೆಳಗೆ, ದೊಡ್ಡದಾಗಿ, ಪಂಪಾಪತಿಯ ಮುಖ. ಮೀಸೆಗೆ ಕರಿ ಬ್ಲೌಸಿನ ಬಟ್ಟೆ. ಕಣ್ಣಿಗೆ ಜೋಡಿ ಗುಂಡಿ ಸಿಗಲಿಲ್ಲ, ಒಂದು ಅಂಗಿಯದು, ಒಂದು ಕೋಟಿನದು. ಹಾಗಾಗಿ ಅವನು ಯಾರನ್ನೋ ನೋಡಿ ಗಾಬರಿಯಾದವನಂತೆ ಕಾಣುತ್ತಿದ್ದ.

ಕೊನೆಯ ಮೂಲೆ ಹೊಲಿಯುವ ಮುಂಚೆ ಮಾಳವ್ವ ಸೂಜಿ ಕೆಳಗಿಟ್ಟಳು.

"ಹೋಳಿಗಿ ತಗೊಂಬಾ," ಎಂದಳು.

ಕೌದಿಯ ಮೂಲೆಯಲ್ಲಿ ಒಂದು ಚೂರು ಹೋಳಿಗೆ ಇಟ್ಟು ಹೊಲಿಯುವುದು ಅವಳ ಅತ್ತೆಯ ಕಾಲದಿಂದ ಬಂದ ಪದ್ಧತಿ. ಕೌದಿಯ ಹೊಟ್ಟೆ ತುಂಬಿಸದೆ ಅವಳು ಯಾವ ಕೌದಿಯನ್ನೂ ಮನೆಯಿಂದ ಹೊರಗೆ ಕಳಿಸಿದವಳಲ್ಲ.

"ಕಂಬಕ್ಕ ಎಲ್ಲಿ ಹೊಟ್ಟಿ ಐತಿ ದೊಡ್ಡವ್ವ?" ಎಂದೆ.

"ಕಂಬಕ್ಕಲ್ಲ, ಕೌದಿಗೆ. ಹಸಿದ ಕೌದಿ ಯಾರನ್ನೂ ಬೆಚ್ಚಗ ಇಡಂಗಿಲ್ಲ. ಮ್ಯಾಲೆ ಇದು ಊರ ಕೌದಿ. ಊರಿಗೆ ಒಂದು ಚೂರು ಸಾಲತೈತೇನ?"

ಹಾಗಾಗಿ ಎಲ್ಲ ಮೂಲೆಗೂ, ಅಂಚಿಗೂ, ಪಂಪಾಪತಿಯ ಎರಡೂ ಕೆನ್ನೆಗೂ ಇಡೀ ಇಡೀ ಶೇಂಗಾ ಹೋಳಿಗೆ ಸೇರಿದವು. ಹಸನಬೀ ತಾನೇನು ಕಡಿಮೆ ಎಂದು ತನ್ನ ಮನೆಯ ಚೊಂಗೆ ಎಂಬ ಬೆಲ್ಲದ ಸಿಹಿರೊಟ್ಟಿಗಳನ್ನು ಬಸ್ಸಿನ ಗಾಲಿಗಳಲ್ಲಿ ತುಂಬಿದಳು. ಸಂಜೆ ಏಣಿ ತಂದು ಕಂಬಕ್ಕೆ ಸುತ್ತಿದೆವು. ಊರೇ ಬಂದು ನೋಡಿತು. ಕಳಕೇಶ ಕಂಬದ ಸುತ್ತ ಒಂದು ಸುತ್ತು ಹಾಕಿದ.

"ಅದು ನನ್ನ ಲುಂಗಿ," ಎಂದ.

"ಹೌದು. ಈಗ ಅದಕ್ಕ ಒಳ್ಳೆ ಕೆಲಸ ಸಿಕ್ಕೈತಿ," ಎಂದೆ.

ಸೋಮವಾರ ಬಸ್ಸು ಬಂತು. ಕಂಬ ಕಂಡಿತು. ಪಂಪಾಪತಿ ವೇಗ ಇಳಿಸಿದ, ನಾನು ಚೀಲ ಹೆಗಲಿಗೇರಿಸಿದೆ. ಅವನು ಕಿಟಕಿಯಿಂದ ತಲೆ ಹೊರಹಾಕಿ ತನ್ನ ಮುಖ ನೋಡಿದ, ಮೀಸೆ ತೀಡಿದ, ಮನಸಾರೆ ನಕ್ಕ, ಹೋಗಿಯೇಬಿಟ್ಟ. ಬಸ್ಸಿನ ಜನರೆಲ್ಲ ಫೋನಿನಲ್ಲಿ ಚಿತ್ರ ಹಿಡಿದರು. ಅವುಗಳಲ್ಲಿ ಬಾಯಿ ತೆರೆದು ನಿಂತ ನಾನೂ ಇದ್ದೇನಂತೆ.

ಕಚೇರಿಯಲ್ಲಿ ಸಾಹೇಬರು ಗಡಿಯಾರ ನೋಡಿದರು. "ನಾಳೆ ಒಂದಿನ ನೋಡ್ತೀನಿ. ಅದರ ಮ್ಯಾಲೆ ನನ್ನ ಕೇಳಬ್ಯಾಡ," ಎಂದರು. ಆ ದಿನ ಪೂರ್ತಿ ನಾನು ಆ ಕಿರುಗುಟ್ಟುವ ಫ್ಯಾನನ್ನೇ ನೋಡುತ್ತ ಕೂತೆ.

ಮಂಗಳವಾರ ಹಸನಬೀ, ಮಾಳವ್ವ ಇಬ್ಬರೂ ನನ್ನ ಜೊತೆ ಕ್ರಾಸಿಗೆ ಬಂದರು. ರಸ್ತೆಯಲ್ಲಿ ಅಡ್ಡ ಮಲಗುವುದೆಂದು ಹಸನಬೀ ತೀರ್ಮಾನ ಮಾಡಿದ್ದಳು. ಯಾರು ಮಲಗಬೇಕೆಂಬುದು ಮಾತ್ರ ಇತ್ಯರ್ಥವಾಗಿರಲಿಲ್ಲ. ಹಿಂದಿನ ದಿನದ ಬಿಸಿಲಿಗೆ ಹೋಳಿಗೆಯ ಬೆಲ್ಲ ತುಪ್ಪ ಕರಗಿ ಕೌದಿ ಘಮಘಮ ಅನ್ನುತ್ತಿತ್ತು. ಅದೇ ಹೊತ್ತಿಗೆ ನಮ್ಮೂರ ಮುದಿಯಪ್ಪ ಆಡು ಮೇಯಿಸಲು ಹೊರಟು ಬಂದ. ಹಿಂಡಿನ ಮುಂದೆ ಅವನ ಗಡ್ಡದ ಹೋತ. ಅದರ ಹೆಸರು ಸಾವುಕಾರ. ನಡಿಗೆಯೂ ಹಾಗೇ ಇತ್ತು.

ಸಾವುಕಾರ ನಿಂತ. ಮೂಗು ಎತ್ತಿದ. ಕಂಬಕ್ಕೆ ಮುಂಗಾಲು ಕೊಟ್ಟು ನಿಂತು, ಪಂಪಾಪತಿಯ ಬಲಗೆನ್ನೆಗೆ ಬಾಯಿ ಹಾಕಿದ.

"ಏ ಮುದಿಯಪ್ಪಾ, ನಿನ್ನ ಹೋತ ಡ್ರೈವರನ್ನ ತಿನ್ನಾಕತ್ತೈತಿ," ಎಂದಳು ಹಸನಬೀ.

ನಾನು ಓಡಿಹೋಗಿ ಕೌದಿ ಹಿಡಿದೆ. ನಾನು ಇತ್ತ ಎಳೆದೆ, ಸಾವುಕಾರ ಅತ್ತ ಎಳೆದ. ಕಂಬಕ್ಕೆ ಸುತ್ತಿದ್ದೆಲ್ಲ ಸರಸರ ಬಿಚ್ಚಿಕೊಂಡು ರಸ್ತೆಗೆ ಅಡ್ಡಲಾಗಿ ಬಿತ್ತು. ಇಡೀ ಹಿಂಡು ಮದುವೆಯ ಪಂಕ್ತಿಗೆ ಕೂತಂತೆ ಎರಡೂ ಬದಿಗೆ ಸಾಲಾಗಿ ನಿಂತು ಊಟ ಶುರುಮಾಡಿತು. ಒಂದು ಮರಿ ಚೊಂಗೆಗಾಗಿ ಬಸ್ಸಿನ ಮುಂದಿನ ಗಾಲಿ ಕಿತ್ತಿತು. ಮುದಿಯಪ್ಪ ಕೋಲು ಬೀಸಿದ, ಹೋ ಅಂದ, ಹೈ ಅಂದ, ಯಾರೂ ತಲೆ ಎತ್ತಲಿಲ್ಲ.

ನಾನು ಲುಂಗಿಯ ತುದಿ ಬಿಡಲಿಲ್ಲ. "ನಮ್ಮ ದೊಡ್ಡವ್ವ ಹೊಲಿದದ್ದು ಇದು, ಬಿಡೋ ಗಡ್ಡದವನ," ಎಂದು ಆ ಹೋತದ ಜೊತೆ ಜಗಳಕ್ಕೇ ಬಿದ್ದೆ. ಹಿಂದೆ ಹಾರ್ನ್ ಹೊಡೆದುಕೊಳ್ಳುತ್ತಿತ್ತು. "ತಡಿರಿ, ಕಾಣಂಗಿಲ್ಲೇನ?" ಎಂದು ತಿರುಗಿ ನೋಡದೆ ಬೈದೆ.

ಮಾಳವ್ವ ಬಂದು ನನ್ನ ಭುಜ ಹಿಡಿದಳು.

"ಅನುಸೂಯಾ, ಬಸ್ಸು ನಿಂತೈತಿ."

ನಿಂತಿತ್ತು. ನಿಜವಾಗಿ, ನಮ್ಮ ಕ್ರಾಸಿನಲ್ಲಿ, ಬಾಗಿಲು ತೆರೆದುಕೊಂಡು.

"ಮತ್ತ ಕೌದಿ, ದೊಡ್ಡವ್ವ?"

"ತಿನ್ನಲಿ ಬಿಡು. ಕೈ ಗಟ್ಟಿ ಅದಾವ, ಮತ್ತ ಹೊಲಿತೀನಿ. ನೀ ಹತ್ತು," ಎಂದಳು. ಹೀಗೆ ಹೇಳುವಾಗ ಅವಳು ನಗುತ್ತಿದ್ದಳು.

ನಾನು ಹತ್ತಿದೆ. ಕೈಯಲ್ಲಿದ್ದ ಕೌದಿಯ ತುದಿ ಬಿಡುವುದು ಮರೆತಿತ್ತು. ಇನ್ನೊಂದು ತುದಿ ಬಾಯಲ್ಲಿದ್ದ ಸಾವುಕಾರನೂ ಹತ್ತಿದ. ಕಂಡಕ್ಟರ್ ಹುಸೇನಬಾಷಾ ನಮ್ಮಿಬ್ಬರನ್ನೂ ನೋಡಿ, ಗಂಭೀರವಾಗಿ ಟಿಕೆಟ್ ಮಿಷನ್ ಎತ್ತಿದ.

"ಅಕ್ಕಾರ, ನಿಮಗ ಫ್ರೀ ಐತಿ. ಇದು ಗಂಡು. ಟಿಕೆಟ್ ತಗೋಬೇಕು."

ಮುದಿಯಪ್ಪ ಹಿಂದಿನಿಂದ ಬಂದು ಹೋತವನ್ನು ಕಾಲು ಹಿಡಿದು ಇಳಿಸಿದ. ಅದು ಇಳಿಯುವಾಗಲೂ ಪಂಪಾಪತಿಯ ಮೀಸೆ ಬಿಟ್ಟುಕೊಡಲಿಲ್ಲ. ನಿಜವಾದ ಪಂಪಾಪತಿ ಸೀಟಿನಲ್ಲಿ ತನ್ನ ಮೀಸೆ ಮುಟ್ಟಿ ನೋಡಿಕೊಂಡ. ನಾನು ಕಚೇರಿ ಮುಟ್ಟಿದಾಗ ಜವಾನ ಇನ್ನೂ ಬೀಗ ತೆಗೆಯುತ್ತಿದ್ದ. ಸಾಹೇಬರು ಬಂದು ನನ್ನನ್ನು ನೋಡಿದರು, ನನ್ನ ಮಡಿಲಲ್ಲಿದ್ದ ಜೊಲ್ಲು ಹತ್ತಿದ ಲುಂಗಿಯ ತುಂಡನ್ನೂ ನೋಡಿದರು, ಗಡಿಯಾರ ನೋಡಿ ಒಳಗೆ ಹೋದರು.

ಅಂದಿನಿಂದ ಮಾಳವ್ವನ ಸೂಜಿಗೆ ಬಿಡುವಿಲ್ಲ. ಪ್ರತಿ ಭಾನುವಾರ ಕಟ್ಟೆಯ ಮೇಲೆ ಕೂತು ಆಡು ತಿಂದದ್ದನ್ನೆಲ್ಲ ಹೊಲಿಯುತ್ತೇವೆ, ಹೊಟ್ಟೆ ತುಂಬಿಸುತ್ತೇವೆ. ಈಗ ಊರಿನ ಉಳಿದ ಹೆಂಗಸರೂ ತುಂಡು ಹಿಡಿದು ಬರುತ್ತಾರೆ. ಕಳಕೇಶ ತನ್ನ ಲುಂಗಿಗಳನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದಾನೆ. ಹೋಳಿಗೆಯ ರುಚಿ ಹತ್ತಿದ ಹಿಂಡು ಬೆಳಿಗ್ಗೆ ತಪ್ಪದೆ ಬಂದು ರಸ್ತೆಯಲ್ಲಿ ನಿಲ್ಲುತ್ತದೆ, ಬಸ್ಸು ನಿಲ್ಲುತ್ತದೆ, ನಾನು ಹತ್ತುತ್ತೇನೆ.

"ನಾ ನಿಮಗ ನಿಂದರ್ಸಿದ್ದಲ್ರಿ, ಆಡಿಗೆ," ಎಂದು ಪಂಪಾಪತಿ ದಿನವೂ ಹೇಳುತ್ತಾನೆ. ಹೇಳಲಿ. ಫ್ಯಾನಿನ ಕೆಳಗೆ ಕೂರುವವಳು ನಾನು, ಆಡು ಅಲ್ಲ.

ಮೊನ್ನೆ ಮುದಿಯಪ್ಪ ಹಿಂಡು ಹೊಡೆದುಕೊಂಡು ತಂಗಿಯ ಊರಿಗೆ ಹೋಗಿಬಿಟ್ಟ, ನನಗೆ ಹೇಳಲೇ ಇಲ್ಲ. ಕ್ರಾಸಿಗೆ ಬಂದು ನೋಡಿದರೆ ರಸ್ತೆ ಖಾಲಿ. ದೂರದಲ್ಲಿ ಬಸ್ಸು ಕಂಡಿತು. ಕೈ ಎತ್ತಲೂ ನನಗೆ ಧೈರ್ಯ ಸಾಲಲಿಲ್ಲ. ಕಂಬದ ಪಕ್ಕ ಕಂಬದಂತೆಯೇ ನಿಂತೆ.

ಬಸ್ಸು ನಿಧಾನವಾಯಿತು. ಕಂಬದ ಸರಿಯಾಗಿ ಎದುರಿಗೆ ಬಂದು ನಿಂತಿತು. ಪಂಪಾಪತಿ ಕಿಟಕಿಯಿಂದ ತಲೆ ಹೊರಹಾಕಿ ರಸ್ತೆಯ ಆ ಕಡೆ ಈ ಕಡೆ ನೋಡಿದ.

"ಅಕ್ಕಾರ, ಆಡು ಎಲ್ಲಿ ಹೋಗ್ಯಾವ್ರಿ? ಆರಾಮ ಅದಾವಿಲ್ಲೋ?" ಎಂದು ಕೇಳಿದ.

ಕೌದಿಯ ಮೂಲೆಯ ಹೊಲಿಗೆ ಬಿಚ್ಚಿ, ಒಳಗಿದ್ದ ಹೋಳಿಗೆ ತೆಗೆದು ಅವನ ಕೈಗೆ ಕೊಟ್ಟು ಬಸ್ಸು ಹತ್ತಿದೆ.